ಪಾರಿವಾಳಕ್ಕೂ ಒಂದು ಅಧ್ಯಾಯ

ಮನೆಯಲ್ಲಿ ಹತ್ತನೆಯ ತರಗತಿಯ ಮಗನೊಬ್ಬನಿದ್ದರೆ ಹಬ್ಬ ಹುಣ್ಣಿಮೆಗಳೆಲ್ಲ ಒಂದು ವರ್ಷದ ಮಟ್ಟಿಗೆ ಆ ಮನೆಯಿಂದ ರಜೆ ಹಾಕಿ ಹೋಗುತ್ತವೆ. ಟಿ.ವಿ.ಯ ಮೇಲೆ ಬಟ್ಟೆ ಹೊದಿಸುತ್ತಾರೆ. ನೆಂಟರಿಗೆ “ಪರೀಕ್ಷಾ ಮುಗದ ಮ್ಯಾಲ ಬರ್ರಿ” ಎಂದು ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ಮಿಕ್ಸರ್ ಸಹ ಮಗ ಶಾಲೆಗೆ ಹೋದ ಮೇಲೆಯೇ ತಿರುಗುತ್ತದೆ. ಪರೀಕ್ಷೆ ಬರೆಯುವವನು ಒಬ್ಬನೇ ಆದರೂ ಮುಖ ಗಂಟು ಹಾಕಿಕೊಂಡು ಓಡಾಡುವವರು ಮನೆಮಂದಿಯೆಲ್ಲ.

ಮೂರು ವರ್ಷದ ಹಿಂದೆ ಇಂಥದೊಂದು ವರ್ಷ ನಮ್ಮ ಮನೆಗೂ ಬಂದಿತ್ತು. ನಮ್ಮ ಮನೆಗೆ ಅದು ಇನ್ನಷ್ಟು ಬಿಗಿಯಾಗಿಯೇ ಬಂತು. ಏಕೆಂದರೆ ನಾನು ಮಾಸ್ತರ. ಮನೆ ಹುಮನಾಬಾದಿನಲ್ಲಿ, ಶಾಲೆ ಬಸವಕಲ್ಯಾಣದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು, ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೊರಳುವಷ್ಟರಲ್ಲಿ ಒಂದು ನಿದ್ದೆ ಮುಗಿದಿರುತ್ತದೆ. ಹೋಗಿ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ, ಪುಕ್ಕಟೆಯಾಗಿ ಬುದ್ಧಿಯನ್ನೂ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಭಾಗದ ಜಿಲ್ಲೆಗಳನ್ನು ಪಟ್ಟಿಯ ಕೆಳಗಡೆಯಿಂದ ಹುಡುಕುವುದು ನಮಗೆ ರೂಢಿಯಾಗಿ ಹೋಗಿದೆ. ಹೀಗಿರುವಾಗ ಮಾಸ್ತರನ ಮಗನೇ ಹಿಂದೆ ಬಿದ್ದರೆ?

ಅವನಿಗೆ ಎರಡು ಚಟಗಳಿದ್ದವು. ಒಂದು, ಮಾಳಿಗೆಯ ಮೇಲೆ ಸಾಕಿದ್ದ ಒಂದು ಜೋಡಿ ಪಾರಿವಾಳ. ಎರಡನೆಯದು, ನೂರು ಪುಟದ ಒಂದು ನೋಟ್‌ಬುಕ್ಕು. ಅದರ ಮೇಲೆ ದಪ್ಪಕ್ಷರದಲ್ಲಿ ‘ಕೆಲಸಕ್ಕೆ ಬಾರದ ಸಂಗತಿಗಳು’ ಎಂದು ಬರೆದಿದ್ದ. ಆ ಹೆಸರು ನನ್ನ ಬಾಯಿಂದ ಬಂದ ಮಾತೇ. ಅವನು ಅದನ್ನು ಶೀರ್ಷಿಕೆ ಮಾಡಿಕೊಂಡಿದ್ದ. ಒಳಗೆ ಏನುಂಟು ಏನಿಲ್ಲ! ಬಸವನಹುಳುವಿಗೆ ಸಾವಿರಾರು ಹಲ್ಲು. ಆಕ್ಟೋಪಸ್‌ಗೆ ಮೂರು ಹೃದಯ. ಜಿರಾಫೆಯ ಕುತ್ತಿಗೆಯಲ್ಲಿರುವ ಎಲುಬುಗಳೂ ನಮ್ಮ ಕುತ್ತಿಗೆಯಲ್ಲಿರುವಷ್ಟೇ, ಏಳು. 1959ರ ‘ಜಗಜ್ಯೋತಿ ಬಸವೇಶ್ವರ’ ಸಿನಿಮಾದಲ್ಲಿ ರಾಜ್‌ಕುಮಾರ್ ಬಸವಣ್ಣನಲ್ಲ, ಬಿಜ್ಜಳ. ಬಸವಣ್ಣನಾದವರು ಹೊನ್ನಪ್ಪ ಭಾಗವತರ್. ಹೀಗೆ ಪುಟದ ಮೇಲೆ ಪುಟ. ರಾತ್ರಿ ಊಟಕ್ಕೆ ಕುಳಿತಾಗ ಒಂದೊಂದನ್ನೇ ತೆಗೆದು ಬಡಿಸುತ್ತಿದ್ದ. ಅದಕ್ಕೆ ಪ್ರತಿಯಾಗಿ ನನ್ನ ಅವ್ವ, ಅಂದರೆ ಅವನ ಆಯಿ, ಒಂದು ಒಗಟು ಹಾಕುತ್ತಿದ್ದಳು. ಅಜ್ಜಿ ಮೊಮ್ಮಗನ ಈ ಕೊಡುಕೊಳ್ಳುವಿಕೆಯಲ್ಲಿ ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಯಾಕೆ ಆ ನೋಟ್‌ಬುಕ್ಕಿನ ಪರವಾಗಿಯೇ ಇದ್ದಳು.

ನಾನು ಮಾತ್ರ ಹಲ್ಲು ಕಚ್ಚಿಕೊಂಡಿದ್ದೆ. ಆ ವರ್ಷದ ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಅವನನ್ನು ಮನೆಯಲ್ಲೇ ಬಿಟ್ಟು ಹೋದೆ. “ನೀ ಓದ್ಕೋತ ಕೂಡು, ಬುತ್ತಿ ತರ್ತೀವಿ” ಎಂದೆ. ಮುಂದೆ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಬಂದವು. ಗಣಿತ ಹೋಗಲಿ, ಇಂಗ್ಲಿಷ್ ಹೋಗಲಿ, ಸಮಾಜ ವಿಜ್ಞಾನದಲ್ಲಿ ಎಂಬತ್ತಕ್ಕೆ ಮೂವತ್ತೊಂದು! ಅದು ನನ್ನ ವಿಷಯ. ಬಡಗಿಯ ಮನೆಯ ಬಾಗಿಲು ಮುರಿದಿರುತ್ತದಂತೆ. ಮಾಸ್ತರನ ಮನೆಯಲ್ಲಿ ಬಾಗಿಲೇ ಇರಲಿಲ್ಲ.

ಅಂದು ರಾತ್ರಿ ನೋಟ್‌ಬುಕ್ಕು ಕಪಾಟಿನೊಳಗೆ ಹೋಯಿತು, ಕೀಲಿ ನನ್ನ ಜನಿವಾರಕ್ಕೋ ಉಡಿದಾರಕ್ಕೋ ಕಟ್ಟುವಷ್ಟು ಭದ್ರವಾಯಿತು. ಮರುದಿನ ಬೆಳಿಗ್ಗೆ ಪಾರಿವಾಳಗಳು ಬಿದಿರು ಬುಟ್ಟಿಯೊಳಗೆ ಕುಳಿತು ನನ್ನ ಜೊತೆ ಬಸ್ಸು ಹತ್ತಿದವು. ಕಂಡಕ್ಟರ್ ದಿನಾ ನೋಡುವ ಮುಖವೇ. ಬುಟ್ಟಿಯೊಳಗಿನ ಗುಟುರು ಕೇಳಿ, “ಸರ್, ಜೀವ ಅಂದ ಮ್ಯಾಲ ಟಿಕೇಟ್ ಆಗ್ತದ” ಎಂದ. ಎರಡು ಹಕ್ಕಿಗೆ ಎರಡು ಅರ್ಧ ಟಿಕೆಟ್ ಹರಿದು ಕೊಟ್ಟ. ಬಸವಕಲ್ಯಾಣದ ಆಟೋನಗರದಲ್ಲಿ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ಕನಿದ್ದಾನೆ. ಹಳೆಯ ಲಾರಿಗಳನ್ನು ಬಿಚ್ಚಿ ಜೋಡಿಸುವ ಆ ಓಣಿಯಲ್ಲಿ ಅವನದೊಂದು ಶೆಡ್ಡು, ಶೆಡ್ಡಿನ ಮೇಲೆ ಹತ್ತಾರು ಪಾರಿವಾಳ. ನನ್ನ ಬುಟ್ಟಿ ತೆಗೆದುಕೊಂಡು ಅವನು ಒಂದು ಮಾತು ಹೇಳಿದ: “ಮಾಸ್ತರ್ ಸಾಬ್, ಕಬೂತರ್ ಅಂದ್ರ ಬಾಡಿಗಿ ಮನೀ ಗಿರಾಕಿ ಅಲ್ಲ, ಸ್ವಂತ ಮನೀ ಮಾಲಕ. ಒಂದಿಷ್ಟು ದಿನ ಮುಚ್ಚಿ ಇಡಬೇಕಾಗ್ತದ. ಆಮ್ಯಾಲ ನೋಡೋಣು.” ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಶಾಲೆಯ ಗಂಟೆ ಬಾರಿಸುವ ಹೊತ್ತಾಗಿತ್ತು.

ಮಗ ಅಳಲಿಲ್ಲ, ಜಗಳವಾಡಲಿಲ್ಲ. ಓದುತ್ತ ಕುಳಿತ. ಎರಡು ದಿನ ನನಗೆ ಗೆದ್ದಷ್ಟು ಸಂತೋಷವಾಯಿತು. ಮೂರನೆಯ ದಿನ ರಾತ್ರಿ ಅವ್ವ ಊಟದಲ್ಲಿ ಒಂದು ಒಗಟು ಹಾಕಿದಳು. ಅವನು ತಟ್ಟೆ ತೊಳೆದಿಟ್ಟು, “ಓದೂದದ ಆಯಿ” ಎಂದು ಎದ್ದು ಹೋದ. ನಾಲ್ಕನೆಯ ದಿನವೂ ಹಾಗೆಯೇ. ವಾರ ಕಳೆಯಿತು, ಎರಡು ವಾರ ಕಳೆಯಿತು. ಮನೆಯಲ್ಲಿ ನೀರು ಬಂತೇ, ಕರೆಂಟ್ ಹೋಯಿತೇ ಎಂಬಷ್ಟೇ ಮಾತು ಉಳಿದವು. ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದು ಈಗ ಎಲ್ಲರಿಗೂ ಗೊತ್ತಾಗತೊಡಗಿತು.

“ನಿಮ್ಮಪ್ಪನೂ ಹಿಂಗೇ ಮಾಡಿದ್ದ. ಮರತೇನು?” ಎಂದಳು ಅವ್ವ ಒಂದು ದಿನ.

ಮರೆತಿರಲಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದದ್ದು 1983ರಲ್ಲಿ. ಆಗ ನನ್ನ ದೇವರು ಬುಧವಾರ ರಾತ್ರಿ ಎಂಟು ಗಂಟೆಗೆ ಮಾತಾಡುತ್ತಿದ್ದ. ಅವರ ಹೆಸರು ಅಮೀನ್ ಸಯಾನಿ. ಈಗಿನ ಮಕ್ಕಳಿಗೆ ಹೇಳಬೇಕು: 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರವಿಟ್ಟಾಗ ಸಮುದ್ರದಾಚೆಯ ರೇಡಿಯೋ ಸಿಲೋನ್ ಅವನ್ನು ಕೈಬೀಸಿ ಕರೆಯಿತು. ಆ ವರ್ಷವೇ ಹುಟ್ಟಿದ್ದು ‘ಬಿನಾಕಾ ಗೀತಮಾಲಾ’. ಬಿನಾಕಾ ಎಂಬುದು ಹಲ್ಲುಜ್ಜುವ ಪೇಸ್ಟಿನ ಹೆಸರು. ಯಾವ ಹಾಡು ಎಷ್ಟನೆಯ ‘ಪಾಯದಾನ’ದ ಮೇಲೆ, ಅಂದರೆ ಎಷ್ಟನೆಯ ಮೆಟ್ಟಿಲ ಮೇಲೆ ನಿಂತಿದೆ ಎಂದು ಅಮೀನ್ ಸಯಾನಿ ಹೇಳುತ್ತಿದ್ದರೆ ಇಡೀ ದೇಶ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ನಮ್ಮ ಟ್ರಾನ್ಸಿಸ್ಟರಿನಲ್ಲಿ ಸಿಲೋನ್ ಅಲೆಯಲೆಯಾಗಿ ಬಂದು ಹೋಗುತ್ತಿತ್ತು. ಸರಿಯಾಗಿ ಹಾಡಿನ ಹೆಸರು ಹೇಳುವಾಗಲೇ ಹೋಗುತ್ತಿತ್ತು. ಹಾಗಿದ್ದರೂ ವಾರವಾರದ ಮೆಟ್ಟಿಲುಗಳನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಹಾಡು, ಸಿನಿಮಾ, ಹಾಡಿದವರು, ಕಳೆದ ವಾರದ ಮೆಟ್ಟಿಲು, ಈ ವಾರದ ಮೆಟ್ಟಿಲು. ಬ್ಯಾಂಕಿನ ಲೆಕ್ಕದಷ್ಟು ಅಚ್ಚುಕಟ್ಟು.

ಪರೀಕ್ಷೆಗೆ ತಿಂಗಳಿದ್ದಾಗ ಅಪ್ಪ ಆ ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದ. ಅಂದು ನಾನು ಜಳಕ ಮಾಡಿದ್ದು ಲತಾ, ರಫಿ, ಕಿಶೋರರೆಲ್ಲ ಸೇರಿ ಕಾಯಿಸಿದ ನೀರಿನಿಂದ. ನಾನು ಪಾಸಾದೆ. ಪುಸ್ತಕ ಸುಟ್ಟದ್ದರಿಂದ ಪಾಸಾದೆನೋ, ಸುಡದಿದ್ದರೂ ಪಾಸಾಗುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೆ ಮಾತ್ರ ಸಂಶಯವಿರಲಿಲ್ಲ. ಆದರೆ ಆ ದಿನದಿಂದ ಹಾಡಿನ ಸುದ್ದಿ ನಮ್ಮಿಬ್ಬರ ನಡುವೆ ಬರಲಿಲ್ಲ. ಅಪ್ಪ ತೀರಿಕೊಂಡು ಈಗ ಬಹಳ ವರ್ಷವಾಯಿತು. ಅವನಿಗೆ ಯಾವ ಹಾಡು ಇಷ್ಟವಿತ್ತು ಎಂಬುದು ನನಗೆ ತಿಳಿಯದೆ ಹೋಯಿತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಇದೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗಲೇ ಶಾಲೆಯಲ್ಲಿ ನನಗೊಂದು ಕೆಲಸ ಬಿತ್ತು. ‘ನಮ್ಮೂರ ಅರಸರು’ ಎಂಬ ವಿಷಯವಾಗಿ ಮಕ್ಕಳಿಗೆ ಅರ್ಧ ಗಂಟೆ ಮಾತಾಡಬೇಕು. ಊರು ಯಾವುದು? ಕಲ್ಯಾಣ ಚಾಲುಕ್ಯರ ರಾಜಧಾನಿ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆಲ್ಲ ‘ಕಲ್ಯಾಣ ಕರ್ನಾಟಕ’ ಎಂದು ತನ್ನ ಹೆಸರು ಕೊಟ್ಟ ಊರು. ಆರನೆಯ ವಿಕ್ರಮಾದಿತ್ಯನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. 1076ರಿಂದ ಐವತ್ತು ವರ್ಷ ಆಳಿದವನು. ಆದರೆ ಅವನ ಕಥೆ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದಾಗಿತ್ತು. ಈ ಸಲ ಅವನ ಮಗನನ್ನು ಹಿಡಿಯೋಣ ಎನಿಸಿತು. ಮಗನ ಹೆಸರು ಮೂರನೆಯ ಸೋಮೇಶ್ವರ, ಆಳಿದ್ದು 1126ರಿಂದ 1138ರವರೆಗೆ. ಬಿರುದು ‘ಸರ್ವಜ್ಞ’. ತ್ರಿಪದಿಯ ಸರ್ವಜ್ಞನಲ್ಲ, ಅವನಿಗಿಂತ ಶತಮಾನಗಳ ಹಿಂದಿನವನು. ಪಾಠಪುಸ್ತಕಗಳಲ್ಲಿ ಇವನಿಗೆ ಸಿಗುವುದು ಒಂದೇ ಸಾಲು: ‘ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆದನು’. ಇಪ್ಪತ್ತೈದು ವರ್ಷ ಆ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆ ಗ್ರಂಥದಲ್ಲಿ ಏನಿದೆ ಎಂದು ಒಬ್ಬ ಹುಡುಗನೂ ಕೇಳಿರಲಿಲ್ಲ. ಸದ್ಯ!

ಬರೋಡದಿಂದ ಮೂರು ಸಂಪುಟಗಳಾಗಿ ಅಚ್ಚಾದ ಆ ಪುಸ್ತಕವನ್ನು ಗ್ರಂಥಾಲಯದಿಂದ ತರಿಸಿಕೊಂಡೆ. ಸಂಸ್ಕೃತ ಬಲ್ಲ ಹಿರಿಯ ಮಿತ್ರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಸುಮಾರು 1130ರ ಹೊತ್ತಿಗೆ ಬರೆದದ್ದು. ಐದು ಭಾಗ, ಒಂದೊಂದು ಭಾಗದಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಮೊದಲ ಭಾಗ ರಾಜ್ಯ ಪಡೆಯುವುದು ಹೇಗೆ, ಎರಡನೆಯದು ಅದನ್ನು ಉಳಿಸಿಕೊಳ್ಳುವುದು ಹೇಗೆ. ಸರಿ, ರಾಜನಾದವನು ಬರೆಯಬೇಕಾದ್ದೇ. ಮೂರನೆಯದಕ್ಕೆ ಬಂದಾಗ ನನಗೆ ಕಣ್ಣುಜ್ಜಿಕೊಳ್ಳಬೇಕಾಯಿತು. ಮೂರನೆಯದು ಉಪಭೋಗಗಳು, ನಾಲ್ಕನೆಯದು ವಿನೋದಗಳು, ಐದನೆಯದು ಆಟಗಳು! ನೂರರಲ್ಲಿ ಅರವತ್ತು ಅಧ್ಯಾಯ ಬದುಕಿನ ಸುಖಗಳಿಗೇ ಮೀಸಲು. ಪುಸ್ತಕದ ಹೆಸರಾದರೂ ಏನು? ಮಾನಸೋಲ್ಲಾಸ, ಮನಸ್ಸಿನ ಉಲ್ಲಾಸ. ಮುಚ್ಚಿಟ್ಟು ಬರೆದವನಲ್ಲ ಪುಣ್ಯಾತ್ಮ.

ಕಾಲಿಗೆ ಹಾಕುವ ಪಾದುಕೆಗೊಂದು ಅಧ್ಯಾಯ. ಛತ್ರಿಗೊಂದು. ತಾಂಬೂಲಕ್ಕೊಂದು. ಕುಡಿಯುವ ನೀರಿಗೊಂದು, ಅದಕ್ಕೆ ಹೂವಿನ ಪರಿಮಳ ಕೂಡಿಸುವ ಬಗೆಯೂ ಅಲ್ಲಿದೆ. ಕಾಲು ಒತ್ತಿಸಿಕೊಳ್ಳುವುದಕ್ಕೊಂದು, ದಿನಾ ಬಸ್ಸಿನಲ್ಲಿ ನಿಂತು ಬರುವ ನಾನು ಅದನ್ನು ಎರಡು ಸಲ ಓದಿಸಿಕೊಂಡೆ. ಆಟಗಳಲ್ಲಿ ಉಯ್ಯಾಲೆಗೊಂದು ಅಧ್ಯಾಯ. ನಾಗರಪಂಚಮಿಗೆ ನಾವು ಜೋಕಾಲಿ ಕಟ್ಟುವುದಕ್ಕೆ ರಾಜಮುದ್ರೆ ಬಿದ್ದು ಒಂಬೈನೂರು ವರ್ಷವಾಗುತ್ತ ಬಂತು. ಮರಳಲ್ಲಿ ಆಡುವುದಕ್ಕೊಂದು, ಹುಲ್ಲುಹಾಸಿನ ಮೇಲೆ ಆಡುವುದಕ್ಕೊಂದು, ಬೆಳದಿಂಗಳಿಗೊಂದು, ಕತ್ತಲಿಗೂ ಒಂದು. ಕವಡೆ, ಪಗಡೆ, ಚದುರಂಗಕ್ಕೆ ಒಂದೊಂದು. ಪ್ರಹೇಲಿಕೆ, ಅಂದರೆ ನಮ್ಮ ಅವ್ವನ ಒಗಟಿಗೂ ಒಂದು ಅಧ್ಯಾಯ. ‘ಸಸ್ಯಕ್ರೀಡೆ’ ಎಂಬ ಹೆಸರು ಬಂದಾಗ ಎಳ್ಳಮಾವಾಸ್ಯೆಯ ಹೊಲ ಕಣ್ಣಮುಂದೆ ಬಂತು. ಬೆಳೆ ತುಂಬಿದ ಹೊಲದಲ್ಲಿ ಆಡುವುದನ್ನು ರಾಜನೊಬ್ಬ ಪುಸ್ತಕದಲ್ಲಿ ಸೇರಿಸಿದ್ದಾನೆ, ಮಾಸ್ತರನೊಬ್ಬ ಮಗನನ್ನು ಮನೆಯಲ್ಲಿ ಕೂಡಿಹಾಕಿ ಬುತ್ತಿ ತಂದಿದ್ದಾನೆ.

ಊಟದ ಅಧ್ಯಾಯವನ್ನಂತೂ ಮಕ್ಕಳ ಮುಂದೆ ಹೇಳಿದಾಗ ತರಗತಿಯೇ ಮೇಲೆದ್ದಿತು. ಇಡ್ಲಿಯ ಪೂರ್ವಜ ‘ಇಡ್ಡರಿಕಾ’ ಅದರಲ್ಲಿದೆ. ಕನ್ನಡದ ‘ವಡ್ಡಾರಾಧನೆ’ಯಲ್ಲಿ ಅದಕ್ಕೂ ಇನ್ನೂರು ವರ್ಷ ಮೊದಲೇ ‘ಇಡ್ಡಲಿಗೆ’ಯ ಹೆಸರಿದೆ. ಆದರೆ ರಾಜನ ಇಡ್ಡರಿಕೆ ನಮ್ಮ ಹೋಟೆಲಿನ ಇಡ್ಲಿಯಲ್ಲ. ಉದ್ದಿನ ಹಿಟ್ಟಿನ ಸಣ್ಣ ಉಂಡೆ. ಮೆಣಸು, ಜೀರಿಗೆ, ಇಂಗು, ತುಪ್ಪ ಹಾಕಿದ್ದು. ಅಕ್ಕಿಯಿಲ್ಲ. ದೋಸೆಗೆ ಹೆಸರು ‘ಧೋಸಕ’, ವಡೆಗೆ ‘ವಟಿಕಾ’. ಮಂಡಿಗೆಯೂ ಇದೆ, ನಾವು ಮನಸ್ಸಿನಲ್ಲಿ ತಿನ್ನುವ ಮಂಡಿಗೆಯನ್ನು ಅವನು ನಿಜವಾಗಿಯೇ ತಿಂದಿದ್ದಾನೆ. ಹೊಲದ ಇಲಿಯನ್ನು ಬೇಯಿಸುವ ವಿಧಾನವೂ ಇದೆ ಎಂದಾಗ ಹಿಂದಿನ ಬೆಂಚಿನಿಂದ “ಚಟ್ನಿ ಕೂಡ ಏನ್ರೀ ಸರ್?” ಎಂಬ ದನಿ ಬಂತು. ಅದಕ್ಕೆ ನಾನು ಹೇಳಿದೆ: “ಮೆಣಸಿನಕಾಯಿ ಇರಲಿಲ್ಲೋ ಮಾರಾಯ. ಮೆಣಸಿನಕಾಯಿ, ಆಲೂಗಡ್ಡಿ, ಟೊಮ್ಯಾಟೊ ಎಲ್ಲಾ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮ್ಯಾಲ ನಮಗ ಸಿಕ್ಕಾವ.” ಸುಖದ ಮೇಲೆ ಅರವತ್ತು ಅಧ್ಯಾಯ ಬರೆದ ಚಕ್ರವರ್ತಿ ಒಂದು ಪ್ಲೇಟ್ ಮಿರ್ಚಿ ಭಜಿ ತಿನ್ನದೆಯೇ ಕಣ್ಣು ಮುಚ್ಚಿದ. ಬಸ್ ನಿಲ್ದಾಣದ ಎದುರಿನ ಗಾಡಿಯ ಮುಂದೆ ನಿಲ್ಲುವ ನಾವು ಆ ಮಟ್ಟಿಗೆ ಅವನಿಗಿಂತ ಭಾಗ್ಯವಂತರು.

ನಾಲ್ಕನೆಯ ಭಾಗದ ವಿನೋದಗಳಲ್ಲಿ ಅರ್ಧಕ್ಕರ್ಧ ಪ್ರಾಣಿಗಳು. ಆನೆ, ಕುದುರೆ, ಕೋಳಿ, ಲಾವಕ್ಕಿ, ಟಗರು, ಕೋಣ, ನಾಯಿ, ಗಿಡುಗ. ಮೀನಿನ ಅಧ್ಯಾಯದಲ್ಲಿ ಹೊಳೆಯ ಮೀನು ಯಾವುವು, ಕಡಲಿನವು ಯಾವುವು, ಯಾವುದಕ್ಕೆ ಯಾವ ತಿಂಡಿ ಹಾಕಬೇಕು, ಗಾಳ ಹೇಗಿರಬೇಕು ಎಲ್ಲ ಇದೆ. ಕಡಲೇ ಇಲ್ಲದ ಕಲ್ಯಾಣದಲ್ಲಿ ಕೂತು ಬರೆದದ್ದು! ಇವನ ಎಲ್ಲ ವಿನೋದಗಳನ್ನೂ ನಾವು ಒಪ್ಪಬೇಕಾಗಿಲ್ಲ. ಕೋಳಿ, ಟಗರುಗಳನ್ನು ಕಾದಾಡಿಸುವುದು ಈಗ ಅಪರಾಧ. 1960ರ ಕಾಯಿದೆಯೇ ಇದೆ. ಈ ಸುಖಗಳ ಹಿಂದೆ ಬೆವರು ಸುರಿಸಿದವರು ಬೇರೆಯವರು ಎಂಬುದೂ ಮರೆಯತಕ್ಕದ್ದಲ್ಲ. ಹಾಡಿನ ಅಧ್ಯಾಯದಲ್ಲಿ ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಹಾಡುವ ಓವಿಯ ಹೆಸರು ಒಂದು ಕಡೆ ಬರುತ್ತದೆ, ಅಷ್ಟೇ. ಕುಟ್ಟುವವರು, ಬೀಸುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು ತಾವೇ ಬಾಯಿ ತೆರೆದು ಕನ್ನಡದಲ್ಲಿ ಮಾತಾಡಲು ಇದೇ ಊರಿಗೆ ಬಸವಣ್ಣ ಬರಬೇಕಾಯಿತು. ಈ ರಾಜ ತೀರಿಕೊಂಡು ಮೂವತ್ತು ವರ್ಷ ಕಳೆಯುವುದರೊಳಗಾಗಿ ಬಂದ. ವಚನಗಳಲ್ಲೂ ಕಾಗೆ ಇದೆ, ಕೋಳಿ ಇದೆ. ದೊಡ್ಡ ಮಾತು ಹೇಳಲು ಸಣ್ಣ ಜೀವಿಗಳನ್ನು ಕರೆಯುವುದು ಈ ಮಣ್ಣಿಗೇ ಬಂದ ಗುಣವಿರಬೇಕು.

ಹೀಗೆ ವಿನೋದಗಳ ಪಟ್ಟಿಯನ್ನು ಬೆರಳು ಮಡಚಿ ಎಣಿಸುತ್ತ ಹೋದಾಗ ಹನ್ನೊಂದನೆಯದರ ಹತ್ತಿರ ಬೆರಳು ನಿಂತಿತು. ‘ಪಾರಾವತ ವಿನೋದ’. ಪಾರಾವತ ಎಂದರೆ ಪಾರಿವಾಳ.

ಬಿದಿರು ಬುಟ್ಟಿಯೊಳಗಿನ ಗುಟುರು ಕೇಳಿದಂತಾಯಿತು. ನರ್ಮದೆಯಿಂದಾಚೆಗೂ ಹೆಸರು ಮಾಡಿದ ವಂಶದ ಅರಸ, ಆನೆ ಕುದುರೆಗಳ ನಡುವೆ ಇದ್ದವನು, ಪಾರಿವಾಳಕ್ಕೊಂದು ಅಧ್ಯಾಯ ಕೊಟ್ಟಿದ್ದ. ನಾನು ಅರ್ಧ ಟಿಕೆಟ್ ಕೊಟ್ಟಿದ್ದೆ.

ಪುಸ್ತಕ ಮುಚ್ಚಿಬಿಡೋಣ ಎಂದುಕೊಂಡೆ. ಮಿತ್ರರು, “ಒಂದು ನಿಮಗ ತೋರಿಸೂದು ಮರತೆ, ನೀವು ಮಕ್ಕಳೊಂದಿಗರು” ಎನ್ನುತ್ತ ಮೂರನೆಯ ಭಾಗಕ್ಕೆ ಹಿಂದಿರುಗಿದರು. ಅನ್ನ, ನೀರು, ಬಟ್ಟೆ, ಹೂಮಾಲೆಗಳ ಸಾಲಿನಲ್ಲೇ ಒಂದು ಉಪಭೋಗದ ಹೆಸರು ‘ಪುತ್ರೋಪಭೋಗ’. ಮಕ್ಕಳಿಂದ ಪಡೆಯುವ ಸುಖ! ಅವರ ಸಂಸ್ಕಾರ, ಅವರ ವಿದ್ಯಾಭ್ಯಾಸ ಎಲ್ಲವೂ ಆ ಅಧ್ಯಾಯದಲ್ಲೇ ಬರುತ್ತವೆ. ಮಗನ ಓದನ್ನು ರಾಜ ಯಾವ ಖಾತೆಗೆ ಬರೆದಿದ್ದಾನೆ ನೋಡಿ. ರಾಜ್ಯ ಉಳಿಸಿಕೊಳ್ಳುವ ಚಿಂತೆಯ ಖಾತೆಗಲ್ಲ, ಸುಖದ ಖಾತೆಗೆ. ನಾನು ಮಾಸ್ತರನಾಗಿ ಎಷ್ಟು ತಂದೆ ತಾಯಿಗಳನ್ನು ಕಂಡಿಲ್ಲ! ‘ಮಗ ಹತ್ತನೇದಾಗ ಇದ್ದಾನ್ರೀ’ ಎಂದು ಹೇಳುವಾಗ ಅವರ ಮುಖ ಆಸ್ಪತ್ರೆಯ ಸುದ್ದಿ ಹೇಳುವವರಂತಿರುತ್ತದೆ. ನನ್ನ ಮುಖವೂ ಹಾಗೇ ಇತ್ತು.

ಇನ್ನೊಂದು ಮಾತು. ಇದೇ ಕಲ್ಯಾಣದಲ್ಲಿ, ಈ ರಾಜನ ತಂದೆಯ ಆಸ್ಥಾನದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅದು ಹೇಳುತ್ತದೆ. ದೇಶದ ಬಹುಭಾಗ ಶತಮಾನಗಳ ಕಾಲ ಅದರಂತೆ ನಡೆಯಿತು. ಹೆಣ್ಣುಮಕ್ಕಳಿಗೂ ಅದೇ ಹಕ್ಕು ಬರಲು 2005ರ ತಿದ್ದುಪಡಿ ಬೇಕಾಯಿತು. ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಅನಿಸಿತು: ಅಪ್ಪನಿಂದ ನನಗೆ ಬಂದ ಪಿತ್ರಾರ್ಜಿತ ಏನು? ಒಂದೂವರೆ ಎಕರೆ ಹೊಲ, ಮತ್ತು ಮಕ್ಕಳ ಪುಸ್ತಕ ಕಸಿಯುವ ಅಭ್ಯಾಸ. ಹೊಲದಲ್ಲಿ ಪಾಲು ಕೇಳಲು ತಮ್ಮನಿದ್ದಾನೆ. ಈ ಅಭ್ಯಾಸಕ್ಕೆ ಮಾತ್ರ ನಾನೊಬ್ಬನೇ ಹಕ್ಕುದಾರ.

ಬಸ್ಸು ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಿದ್ದಿತ್ತು. ಮೆಕ್ಯಾನಿಕ್ಕನ ಫೋನು ಬಂತು. “ಮಾಸ್ತರ್ ಸಾಬ್, ಮಾಫ್ ಮಾಡ್ರಿ. ಇಪ್ಪತ್ತು ದಿನ ಮುಚ್ಚಿ ಇಟ್ಟಿದ್ದೆ. ಹೊಂದಿಕೊಂಡಾವ ಅಂತ ಇವತ್ತು ಬಾಗಿಲಾ ತೆಗದೆ. ಶೆಡ್ಡಿನ ಮ್ಯಾಲ ಎರಡು ಸುತ್ತು ಹಾಕಿದ್ವು. ನಿಮ್ಮ ಕಡೀಗೇ ಹೊಂಟಾವ ನೋಡ್ರಿ.”

ಐವತ್ತು ದಾಟಿದ ಮಾಸ್ತರ ಬಸ್ಸಿನ ಕಿಟಕಿಯಿಂದ ಕುತ್ತಿಗೆ ಹೊರಹಾಕಿ ಆಕಾಶ ನೋಡುವುದು ಶೋಭೆಯಲ್ಲ. ನೋಡಿದೆ. ರಾಜೇಶ್ವರದ ತನಕವೂ ನೋಡಿದೆ. ತೊಗರಿ ಕಟಾವಾದ ಹೊಲಗಳ ಮೇಲೆ ಇಳಿಬಿಸಿಲು, ತಂತಿಯ ಮೇಲೆ ಸಾಲಾಗಿ ಕುಳಿತ ಹಕ್ಕಿಗಳು. ನಮ್ಮವು ಕಾಣಲಿಲ್ಲ. “ಏನ್ ಹುಡುಕ್ಲತ್ತೀರಿ ಸರ್?” ಎಂದ ಕಂಡಕ್ಟರ್. “ನಿನ್ನ ಎರಡು ಪ್ಯಾಸೆಂಜರ್ ವಾಪಸ್ ಹೊಂಟಾರ, ಟಿಕೇಟ್ ಇಲ್ಲದ” ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಮನೆ ಮುಟ್ಟಿದಾಗ ಅವು ಮಾಳಿಗೆಯ ಕೈಪಿಡಿ ಗೋಡೆಯ ಮೇಲೆ ಕುಳಿತಿದ್ದವು. ಬಸ್ಸಿಗಿಂತ ಮೊದಲೇ ಬಂದಿದ್ದವು; ಅವುಗಳಿಗೆ ನಿಲ್ದಾಣವಿಲ್ಲವಲ್ಲ. ಮಗ ಒಂದು ಹಿಡಿ ಜೋಳ ಹಿಡಿದುಕೊಂಡು ಎದುರಿಗೆ ನಿಂತಿದ್ದ. ನನ್ನನ್ನು ಕಂಡೊಡನೆ ಮುಷ್ಟಿ ಮುಚ್ಚಿದ. ಅಂಕಪಟ್ಟಿ ನೋಡಿದಾಗ ಆದದ್ದಕ್ಕಿಂತ ಹೆಚ್ಚು ಸಂಕಟ ನನಗೆ ಆ ಮುಚ್ಚಿದ ಮುಷ್ಟಿ ಕಂಡು ಆಯಿತು.

ನಾನು ಮಾತಾಡದೆ ಕೆಳಗಿಳಿದು, ಕಪಾಟು ತೆಗೆದು, ನೋಟ್‌ಬುಕ್ಕು ತಂದೆ. ಕೊಡುವ ಮೊದಲು ಮೊದಲ ಸಲ ಪುಟ ತಿರುವಿ ಓದಿದೆ. ಪಾರಿವಾಳಕ್ಕೇ ನಾಲ್ಕು ಪುಟ ಇತ್ತು. ಒಂದು ಸಲಕ್ಕೆ ಎರಡು ಮೊಟ್ಟೆ. ಹಗಲು ಹೆಚ್ಚಾಗಿ ಗಂಡು ಕಾವು ಕೊಡುತ್ತದೆ, ರಾತ್ರಿ ಹೆಣ್ಣು. ಮರಿಗೆ ಗಂಟಲ ಚೀಲದಲ್ಲಿ ಒಂದು ಬಗೆಯ ಹಾಲು ಹುಟ್ಟುತ್ತದೆ. ತಾಯಿಯಷ್ಟೇ ಅಲ್ಲ, ತಂದೆಯೂ ಹಾಲೂಡಿಸುತ್ತದೆ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದ. ಮನೆಯ ದಾರಿ ಹಿಡಿಯಲು ಅವು ಸೂರ್ಯನನ್ನೂ ಭೂಮಿಯ ಕಾಂತಶಕ್ತಿಯನ್ನೂ ಬಳಸುತ್ತವೆ. ಪರಿಚಯದ ನೆಲದ ಮೇಲೆ ಹೆದ್ದಾರಿಯ ಗುಂಟವೂ ಹಾರುತ್ತವೆ, ತಿರುವು ಬಂದಲ್ಲಿ ತಿರುಗುತ್ತವೆ; ಇಟಲಿಯ ರೋಮ್ ಹತ್ತಿರ ಪಾರಿವಾಳಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ವಿಜ್ಞಾನಿಗಳು ಕಂಡುಕೊಂಡ ಈ ಸಂಗತಿ 2004ರಲ್ಲಿ ಪ್ರಕಟವಾಯಿತು. ಕೆಲಸಕ್ಕೆ ಬಾರದ ಸಂಗತಿಗಳಂತೆ!

“ತಗೋ” ಎಂದೆ. ತೆಗೆದುಕೊಂಡ. “ಕಲ್ಯಾಣದ ರಾಜನೊಬ್ಬ ನಿನ್ನ ಹಂಗೇ ಬರಕೊಂಡಿದ್ದ ನೋಡು. ಪಾರಿವಾಳದ ಮ್ಯಾಲೂ ಒಂದು ಅಧ್ಯಾಯ ಅದ” ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಮುಷ್ಟಿ ಬಿಚ್ಚಿ ಜೋಳ ಚೆಲ್ಲಿದ.

ಅಂದು ರಾತ್ರಿ ಊಟದಲ್ಲಿ ಇಪ್ಪತ್ತು ದಿನಗಳ ಮೇಲೆ ಅವನ ಬಾಯಿಂದ ಒಗಟು ಬಂತು. ತಾನೇ ಕಟ್ಟಿದ್ದು. “ಆಯಿ, ಹುಮನಾಬಾದಿನಾಗ ಅದ, ಕಲ್ಯಾಣಕ್ಕ ಹೋಗ್ತದ, ಆದ್ರ ಅಲ್ಲಾಡಂಗಿಲ್ಲ. ಏನದು?”

ಅವ್ವ ಸೋತಳು. ನಮ್ಮಾಕೆ “ನಿಮ್ಮಪ್ಪ” ಎಂದಳು. ಉತ್ತರ ಅದಲ್ಲ, ‘ರಸ್ತಾ’. ಆದರೂ ಎಲ್ಲರೂ ನಕ್ಕರು. ನಾನೂ ನಕ್ಕೆ. ಪಲ್ಯಕ್ಕೆ ಉಪ್ಪಿತ್ತೋ ಇಲ್ಲವೋ ನೆನಪಿಲ್ಲ.

ಪಾರಿವಾಳ ತಿರುಗಿ ಬಂದದ್ದರಿಂದ ಮಗ ರ‍್ಯಾಂಕ್ ಬಂದ ಎಂದು ಬರೆದರೆ ಓದುವ ಮಕ್ಕಳಿಗೆ ಖುಷಿಯಾದೀತು, ಆದರೆ ಅದು ಸುಳ್ಳು. ಶೇಕಡಾ ಅರವತ್ತೆರಡು ಬಂತು. ಕಪಾಟಿನಲ್ಲೇ ನೋಟ್‌ಬುಕ್ಕು ಇದ್ದಿದ್ದರೆ ಅರವತ್ತೈದು ಬರುತ್ತಿತ್ತೋ ಏನೋ. ಬಂದರೂ ಆ ಮೂರು ಅಂಕಗಳನ್ನು ನಾನು ಊಟದ ಹೊತ್ತಿನಲ್ಲಿ ಯಾರ ಜೊತೆ ಹಂಚಿಕೊಳ್ಳಬೇಕಿತ್ತು? ಈಗ ಅವನು ಡಿಪ್ಲೊಮಾ ಓದುತ್ತಿದ್ದಾನೆ. ನೋಟ್‌ಬುಕ್ಕು ಮೂರನೆಯದಕ್ಕೆ ಬಂದಿದೆ.

2024ರ ಫೆಬ್ರುವರಿಯಲ್ಲಿ ಅಮೀನ್ ಸಯಾನಿ ತೀರಿಕೊಂಡ ಸುದ್ದಿ ಬಂದ ದಿನ ಊಟಕ್ಕೆ ಕುಳಿತಾಗ ನಾನು ನನ್ನ ಸುಟ್ಟುಹೋದ ಪುಸ್ತಕದ ಕಥೆಯನ್ನು ಮಗನಿಗೆ ಹೇಳಿದೆ. ಅವ್ವ ಕೇಳುತ್ತ ಕುಳಿತವಳು ಇದ್ದಕ್ಕಿದ್ದಂತೆ, “ಪುಸ್ತಕ ಸುಟ್ಟ ಖರೆ. ಆದ್ರ ಬುಧವಾರ ನೀ ಒಳಗ ರೇಡಿಯೋ ಹಚ್ಚಿದಾಗ ಅವ ಹೊರಗ ಕಟ್ಟೀ ಮ್ಯಾಲ ಕುಂದರ್ತಿದ್ದ. ಹಾಡು ಮುಗಿಯೋ ತನಕ ಒಳಗ ಬರ್ತಿರಲಿಲ್ಲ. ರೊಟ್ಟಿ ಆರಿ ಹೋಗ್ತದ ಅಂತ ಕರದ್ರೂ ಬರ್ತಿರಲಿಲ್ಲ” ಎಂದಳು.

“ಯಾವ ಹಾಡು ಸೇರ್ತಿತ್ತು ಅವಗ?” ಎಂದು ಕೇಳಿದೆ.

“ಅದು ನನಗ್ಹ್ಯಾಂಗ ಗೊತ್ತು? ನೀ ಕೇಳಬೇಕಿತ್ತು” ಎಂದಳು.

ಊಟವಾದ ಮೇಲೆ ಮಗನ ನೋಟ್‌ಬುಕ್ಕನ್ನು ಅವನನ್ನು ಕೇಳಿಯೇ ತೆಗೆದುಕೊಂಡು ನಾನೊಂದು ಸಾಲು ಬರೆದೆ: ‘ನಿನ್ನ ಮುತ್ಯಾ ಬುಧವಾರ ರಾತ್ರಿ ಎಂಟು ಗಂಟೆಗೆ ಕಟ್ಟೆಯ ಮೇಲೆ ಕುಳಿತು ಗೀತಮಾಲಾ ಕೇಳುತ್ತಿದ್ದ.’